ಅಪ್ಪನ ಹೆಸರಿನ ಇಸಬ್ಗೋಲು

ಮಲಬದ್ಧತೆ ಎನ್ನುವ ಮಾತನ್ನು ನಾನು ಮೊದಲು ಕಂಡದ್ದು ಮೇಷ್ಟ್ರ ಟ್ರೈನಿಂಗಿನ ಆರೋಗ್ಯಶಾಸ್ತ್ರದ ಪುಸ್ತಕದಲ್ಲಿ. ನಮ್ಮ ಹಳೇಕೋಟೆಯ ಕಡೆ ಗಂಡಸರಾದರೆ ‘ಹೊಟ್ಟೆ ಕಟ್ಟೈತೆ’ ಅನ್ನುತ್ತಿದ್ದರು. ಹೆಂಗಸರು ಅಷ್ಟನ್ನೂ ಅನ್ನುತ್ತಿರಲಿಲ್ಲ. ಜ್ವರ ಬಂದರೆ ಹೇಳಿಕೊಳ್ಳಬಹುದು, ಹಲ್ಲುನೋವು ಬಂದರೆ ಊರಿಗೆಲ್ಲಾ ಕೇಳುವ ಹಾಗೆ ನರಳಬಹುದು. ಇದನ್ನು ಯಾರ ಮುಂದೆ ಹೇಳುವುದು?

ಈಗ ನನಗೆ ಎಪ್ಪತ್ತು ದಾಟಿದೆ, ನಾಚಿಕೊಳ್ಳುವುದಕ್ಕೆ ಪುರುಸೊತ್ತಿಲ್ಲ. ಮೊನ್ನೆ ಔಷಧಿ ಅಂಗಡಿಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ನನ್ನ ಪಕ್ಕ ನಿಂತಿದ್ದಳು. ಓದಿದವಳು, ಬ್ಯಾಂಕಿನಲ್ಲಿ ಕೆಲಸ. ಕಣ್ಣೆಲ್ಲಾ ಕಪಾಟಿನ ಇಸಬ್ಗೋಲಿನ ಡಬ್ಬದ ಮೇಲಿತ್ತು. ಅಂಗಡಿಯವನು ‘ಏನಮ್ಮ?’ ಅಂದಾಗ ತಲೆನೋವಿನ ಮಾತ್ರೆ ಕೊಂಡು ಹೊರಟುಹೋದಳು. ನನಗೆ ನಗು ಬಂತು, ಹಿಂದೆಯೇ ಪಾಪ ಅನ್ನಿಸಿತು. ಈ ಬರಹ ಅವಳಿಗೋಸ್ಕರ.

ಎರಡನೇ ಮಹಾಯುದ್ಧದ ಕಾಲ. ನನಗೆ ಇಪ್ಪತ್ತೆರಡು ವರ್ಷ. ಹದಿನಾಲ್ಕಕ್ಕೆ ಮದುವೆಯಾಗಿ ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ವಾಪಸು ಬಂದಿದ್ದೆ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಯಜಮಾನಿಕೆ ದೊಡ್ಡಪ್ಪನದು. ವಿಧವೆ ಮಗಳು ಅಡಿಗೆಮನೆಯಲ್ಲಿದ್ದರೆ ಮನೆಗೂ ಲೇಸು, ಮಾನಕ್ಕೂ ಲೇಸು ಎನ್ನುವುದು ಅವನ ಲೆಕ್ಕ. ಅಪ್ಪ ಅಣ್ಣನಿಗೆ ಎದುರು ಮಾತಾಡಿದವನೇ ಅಲ್ಲ. ಆದರೆ ಅದೊಂದು ವಿಷಯದಲ್ಲಿ ಮಾತ್ರ ಎತ್ತು ಕೆಸರಲ್ಲಿ ಕಾಲೂರಿದ ಹಾಗೆ ನಿಂತುಬಿಟ್ಟ. ನನ್ನನ್ನು ಮೈಸೂರಿಗೆ ಕಳಿಸಿ ಓದಿಸಿದ. ಟ್ರೈನಿಂಗ್ ಮುಗಿದು ಅರಕಲಗೂಡಿನ ಹೆಣ್ಣುಮಕ್ಕಳ ಶಾಲೆಗೆ ಹಾಕಿದಾಗ ದೊಡ್ಡಪ್ಪ ಒಂದೇ ಮಾತು ಹೇಳಿದ: “ಓಗ್ಲಿ. ಆದ್ರೆ ಅವಳ ಬಗ್ಗೆ ಒಂದೇ ಒಂದು ಮಾತು ನನ್ ಕಿವಿಗೆ ಬಿದ್ರೆ, ಅವತ್ತೇ ಗಾಡಿ ಕಟ್ಟಿಸಿ ಕರ್ಕೊಂಬತ್ತೀನಿ.”

ಅರಕಲಗೂಡಿನಲ್ಲಿ ಬಸಪ್ಪನವರ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಬಸಪ್ಪನವರದು ಪೇಟೆಯಲ್ಲಿ ಗ್ರಂಥಿಗೆ ಅಂಗಡಿ: ಬೇರು, ತೊಗಟೆ, ಬೀಜ, ಒಣಗಿದ ಕಾಯಿ, ಯಾವ ಕಾಯಿಲೆಗೂ ಒಂದು ಪೊಟ್ಟಣ. ವಿಭೂತಿ ಹಚ್ಚಿಕೊಂಡು ಗದ್ದುಗೆಯ ಮೇಲೆ ಕೂತರೆ ಅರ್ಧ ವೈದ್ಯರು. ಅವರ ಹೆಂಡತಿ ಗೌರಮ್ಮ ದೊಡ್ಡ ಮನಸ್ಸಿನವರು, ದೊಡ್ಡ ಗಂಟಲಿನವರು.

ಆಗ ಮನೆಗಳಲ್ಲಿ ಕಕ್ಕಸು ಇರುತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆ ಬೀದಿಯ ಹೆಂಗಸರೆಲ್ಲಾ ಸೇರಿ ಕೆರೆಯ ಹಿಂದಿನ ಬಯಲಿಗೆ ಹೋಗಿ ಬರಬೇಕು, ಆಮೇಲೆ ಮತ್ತೆ ಕತ್ತಲಾಗುವ ತನಕ ಇಲ್ಲ. ಊರಲ್ಲೂ ಇದೇ ತಾನೆ, ನನಗೇನು ಹೊಸದಲ್ಲ. ಹೊಸದಾಗಿದ್ದದ್ದು ನಾನು ಮೇಷ್ಟ್ರಮ್ಮ ಆಗಿದ್ದು. ಚೊಂಬು ಹಿಡಿದು ಬಯಲಲ್ಲಿ ಕೂತರೆ ಪಕ್ಕದ ಪೊದೆಯ ಮರೆಯಿಂದ ನನ್ನ ಶಿಷ್ಯೆಯೊಬ್ಬಳ ತಾಯಿ, “ನಮ್ ಉಡುಗಿ ಲೆಕ್ಕ ಎಂಗ್ ಮಾಡ್ತಾಳೆ ಮೇಷ್ಟ್ರಮ್ಮಾ?” ಎಂದು ಶುರು ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಭಾಗಾಕಾರದ ಬಗ್ಗೆ ಮಾತಾಡುತ್ತಾ ಕೂತರೆ ಯಾವ ಕರುಳು ತಾನೆ ತನ್ನ ಕೆಲಸ ಮಾಡೀತು? “ಚೆನ್ನಾಗಿ ಮಾಡ್ತಾಳೆ” ಅಂದು ಎದ್ದು ಬರುತ್ತಿದ್ದೆ, ಹೋದ ಕೆಲಸ ಆಗದೆ.

ಶಾಲೆಯಲ್ಲಿ ಇನ್ನೂ ಕಷ್ಟ. ಹಗಲು ಹೊತ್ತು ಎಲ್ಲಿಗೂ ಹೋಗುವ ಹಾಗಿಲ್ಲ. ಚೊಂಬು ಹಿಡಿದ ಹೆಂಗಸು ಬೀದಿಯಲ್ಲಿ ಹೊರಟರೆ ಎಲ್ಲಿಗೆ ಎಂದು ಮಗುವಿಗೂ ಗೊತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ರಾತ್ರಿ ಊಟದ ಜೊತೆ ಒಂದು ಲೋಟ ನೀರು, ಅಷ್ಟೇ. ನಾಲ್ಕು ತಿಂಗಳು ಹಾಗೆ ನಡೆಸಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಮೊದಮೊದಲು ಎರಡು ದಿನಕ್ಕೊಮ್ಮೆ ಆಗುತ್ತಿದ್ದದ್ದು ನಾಲ್ಕು ದಿನಕ್ಕೆ ಹೋಯಿತು, ಆಮೇಲೆ ವಾರಕ್ಕೆ. ಹೊಟ್ಟೆಯಲ್ಲಿ ಗುಂಡುಕಲ್ಲು ಇಟ್ಟ ಹಾಗೆ. ಬಾಯಿ ಕಹಿ. ಮಕ್ಕಳ ಮೇಲೆ ಸಿಡಿಮಿಡಿ. ಒಂದು ದಿನ ಕಾಗುಣಿತ ತಪ್ಪಿದ್ದಕ್ಕೆ ಒಬ್ಬ ಪುಟ್ಟ ಹುಡುಗಿಗೆ ಹೊಡೆದುಬಿಟ್ಟೆ. ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ಅವತ್ತು ಸಂಜೆ ನೇರವಾಗಿ ಬಸಪ್ಪನವರ ಅಂಗಡಿಗೆ ಹೋದೆ.

ಅಲ್ಲಿ ನಿಂತ ಮೇಲೆ ಬಾಯಿ ಬರಲಿಲ್ಲ. ಅಂಗಡಿಯ ಮುಂದೆ ಇಬ್ಬರು ಗಂಡಸರು ಬೇರೆ ಕೂತಿದ್ದರು.

“ಏನವ್ವ, ಏನ್ ಬೇಕಿತ್ತು?” ಅಂದರು ಬಸಪ್ಪನವರು.

“ಅಪ್ಪನಿಗೆ...” ಅಂದೆ. ಅದು ಬಾಯಿಗೆ ತಾನಾಗಿ ಬಂತು. “ಊರಲ್ಲಿ ಅಪ್ಪನಿಗೆ ಹೊಟ್ಟೆ ಸರಿಯಾಗಿ ಹೋಗ್ತಾ ಇಲ್ಲವಂತೆ. ಏನಾದರೂ ಕೊಡಿ, ಕಳಿಸ್ತೀನಿ.”

ಅವರಿಗೆ ಖುಷಿಯಾಯಿತು. ಗಂಡಸಿನ ಹೊಟ್ಟೆ ಎಂದರೆ ಅದು ನಾಲ್ಕು ಜನ ಕೂತು ಮಾತಾಡುವ ವಿಷಯ. ಕೂತಿದ್ದ ಇಬ್ಬರೂ ಸೇರಿಕೊಂಡರು. ಒಬ್ಬ ಅಳಲೆಕಾಯಿ ಅಂದ, ಇನ್ನೊಬ್ಬ ಹರಳೆಣ್ಣೆ ಅಂದ. ಬಸಪ್ಪನವರು ಇಬ್ಬರನ್ನೂ ಕೈಯೆತ್ತಿ ಸುಮ್ಮನಿರಿಸಿ, ಕಂದುಬಣ್ಣದ ಸಣ್ಣ ಬೀಜವನ್ನು ಪೊಟ್ಟಣ ಕಟ್ಟಿದರು. “ಇಸಬ್ಗೋಲು. ಹರಳೆಣ್ಣೆ ಅಂಗೆ ಹಿಂಡಾಕಿಲ್ಲ, ಮೆತ್ತಗೆ ಕೆಲ್ಸ ಮಾಡ್ತದೆ. ಒಂದು ಚಮಚ ಬೀಜನ ನೀರ್ನಾಗೆ ನೆನೆಹಾಕ್ಬೇಕು, ಲೋಳೆ ಆದ್ಮೇಲೆ ಕುಡೀಬೇಕು. ಮೇಲೆ ಒಂದು ಚೊಂಬು ನೀರು. ನೀರು ಮರೀಬೇಡಿ ಅಂತ ಗೌಡ್ರಿಗೆ ಏಳವ್ವ.”

ಹೇಳುವುದನ್ನು ಅವರು ಹೇಳಿದ್ದರು. ತಪ್ಪು ನನ್ನದು. ಒಂದು ಚೊಂಬು ನೀರು ಕುಡಿದರೆ ಶಾಲೆಯಲ್ಲಿ ಗತಿ ಏನು? ನೀರಿನ ಕಾಟ ತಪ್ಪಿಸಿಕೊಳ್ಳಲೆಂದೇ ಇಷ್ಟೆಲ್ಲಾ ಮಾಡಿಕೊಂಡವಳು ನಾನು. ಬೀಜವನ್ನು ಒಣದಾಗಿಯೇ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಮಜ್ಜಿಗೆಯಲ್ಲಿ ನುಂಗಿದೆ. ಮಾರನೆಯ ದಿನ ಏನೂ ಆಗಲಿಲ್ಲ. ಎರಡು ಚಮಚ ನುಂಗಿದೆ. ಅದರ ಮಾರನೆಯ ದಿನ ಮೂರು. ಪೊಟ್ಟಣ ಮುಗಿಯಿತು. ಮತ್ತೆ ಅಂಗಡಿಗೆ ಹೋಗಿ, “ಅಪ್ಪನಿಗೆ ಇನ್ನೂ ಸರಿಹೋಗಿಲ್ಲವಂತೆ” ಅಂದೆ. ಬಸಪ್ಪನವರು ತಲೆ ಅಲ್ಲಾಡಿಸಿ, “ಬಾಳ ಗಟ್ಟಿ ಜೀವ ಕಣವ್ವ ನಿಮ್ಮಪ್ಪಂದು” ಅಂದರು.

ನೀರಿಲ್ಲದೆ ಹೋದ ಆ ಬೀಜವೆಲ್ಲಾ ಒಳಗೆ ಹಿಟ್ಟು ಕಲಸಿದ ಹಾಗೆ ಅಂಟಿಕೊಂಡು ಕೂತಿತು. ಕಟ್ಟಿಕೊಂಡ ಒಂಬತ್ತನೆಯ ದಿನಕ್ಕೆ ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ನಿಲ್ಲದಾಯಿತು. ಬೆಳಿಗ್ಗೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡೆ. ಬಾಯಿ ಒರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಗೌರಮ್ಮ ನಿಂತಿದ್ದರು. ಅವರು ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. ಆ ದೊಡ್ಡ ಗಂಟಲಿನ ಹೆಂಗಸು ಒಂದು ಮಾತನ್ನೂ ಆಡದೆ ಒಳಗೆ ಹೋದರು.

ಅವರು ಏನೆಂದುಕೊಂಡರು ಎಂದು ನನಗೆ ಆಗ ಹೊಳೆಯಿತು. ಗಂಡ ಸತ್ತ ಹೆಣ್ಣು, ಒಂಟಿ ಕೋಣೆ, ಉಬ್ಬಿದ ಹೊಟ್ಟೆ, ಬೆಳಗಿನ ವಾಂತಿ. ನೋವಿಗಿಂತ ಆ ಹೆದರಿಕೆ ದೊಡ್ಡದಾಗಿತ್ತು. ಕೆಲಸ ಹೋಗುತ್ತದೆ, ದೊಡ್ಡಪ್ಪನ ಗಾಡಿ ಬರುತ್ತದೆ, ಅಡಿಗೆಮನೆಯ ಬಾಗಿಲು ಹಾಕಿದರೆ ಮತ್ತೆ ಜೀವಮಾನದಲ್ಲಿ ತೆಗೆಯುವುದಿಲ್ಲ. ಅದೂ ಯಾತಕ್ಕೆ, ಒಂದು ಚೊಂಬು ನೀರಿಗೆ!

ಅವತ್ತು ಸಂತೆಯ ದಿನವಾಗಿದ್ದದ್ದು ನನ್ನ ಪುಣ್ಯ. ಅಪ್ಪ ಊರವರ ಗಾಡಿಯಲ್ಲಿ ಹೊಗೆಸೊಪ್ಪು ಹೇರಿಕೊಂಡು ಸಂತೆಗೆ ಬಂದವನು ನನಗೆಂದು ರಾಗಿಹಿಟ್ಟಿನ ಗಂಟು ತರುತ್ತಾ ಪೇಟೆಬೀದಿಯಲ್ಲಿ ನಡೆದಿದ್ದಾನೆ. ಗ್ರಂಥಿಗೆ ಅಂಗಡಿಯಿಂದ ಬಸಪ್ಪನವರು ಬೀದಿಗೆಲ್ಲಾ ಕೇಳುವ ಹಾಗೆ ಕೂಗಿದ್ದಾರೆ: “ಗೌಡ್ರೇ! ಹೊಟ್ಟೆ ಎಂಗದೆ? ಇಸಬ್ಗೋಲು ಹಿಡೀತಾ?”

ನಮ್ಮಪ್ಪ ಹುಟ್ಟಿದಾಗಿನಿಂದ ಹೊಟ್ಟೆನೋವು ಕಂಡವನಲ್ಲ. ಎರಡು ಮುದ್ದೆ ಉಂಡು ಎದ್ದು ನೇಗಿಲು ಹಿಡಿಯುವ ಆಸಾಮಿ. ಆಮೇಲೆ ಅವನೇ ನನಗೆ ಹೇಳಿದ, ಒಂದು ಗಳಿಗೆ ಏನೂ ಅರ್ಥವಾಗಲಿಲ್ಲವಂತೆ. ‘ಯಾವ ಹೊಟ್ಟೆ?’ ಅನ್ನಲು ಬಾಯಿ ತೆರೆದನಂತೆ. ಅಷ್ಟರಲ್ಲಿ ಬಸಪ್ಪನವರೇ, “ನಿಮ್ ಮಗಳು ಪಾಪ ಎರಡು ಸಲ ಬಂದು ತಕ್ಕೊಂಡೋದ್ಲು” ಅಂದರಂತೆ. ಅಪ್ಪ ತೆರೆದ ಬಾಯಿ ಮುಚ್ಚಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಎಲ್ ಬಂತು ಬಸಪ್ನೋರೇ, ಜಾಸ್ತಿನೇ ಆಗೈತೆ” ಅಂದು ಬಿರಬಿರನೆ ನನ್ನ ಕೋಣೆಗೆ ಬಂದ.

ಗಂಟು ಕೆಳಗಿಟ್ಟು ನನ್ನನ್ನು ನೋಡಿದ. “ಯಾಕವ್ವ, ನಂಗೆ ಏನ್ ಕಾಯಿಲೆ ಬಂದೈತೆ?” ಅಂದ.

ನಾನು ಗೋಳೋ ಎಂದು ಅತ್ತುಬಿಟ್ಟೆ. ಅವನ ಮುಂದೆ ಕೂಡ ಆ ಮಾತನ್ನು ನೇರವಾಗಿ ಹೇಳಲಾಗಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು, “ಒಂಬತ್ತು ದಿನ ಆಯ್ತು ಅಪ್ಪಾ” ಅಂದೆ. ಅಪ್ಪ ಹಸು ಎತ್ತು ಸಾಕಿದವನು, ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. “ಏಳು, ಹಾಸನಕ್ಕೆ ಓಗಾನ” ಅಂದ. ಶಾಲೆಗೆ ರಜೆಯ ಅರ್ಜಿ ಬರೆಯುವಾಗ ಕಾರಣ ಏನೆಂದು ಬರೆಯಲಿ ಎಂದು ಲೇಖನಿ ಹಿಡಿದು ಕೂತೆ. “ತಂದೆಗೆ ಹುಷಾರಿಲ್ಲ ಅಂತ ಬರಿ” ಅಂದ. “ಸುಳ್ಳು ಏನಲ್ಲ, ನಿನ್ನ ನೋಡಿ ನಂಗೆ ಹುಷಾರು ತಪ್ಪೈತೆ.”

ಆಗಿನ ಬಸ್ಸು ಪೆಟ್ರೋಲಿಗೆ ಗತಿಯಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದದ್ದು. ಹಿಂದೆ ಒಲೆ ಕಟ್ಟಿಕೊಂಡು, ಏರು ಬಂದ ಕಡೆಯೆಲ್ಲಾ ಕೆಮ್ಮುತ್ತಾ ನಿಲ್ಲುತ್ತಿತ್ತು. ನಿಂತಾಗಲೆಲ್ಲಾ ಗಂಡಸರು ಇಳಿದು ನೂಕಬೇಕು. ಅಪ್ಪನೂ ಎದ್ದ, ತನಗೆ ಕಾಯಿಲೆ ಎಂಬುದು ನೆನಪಾಗಿ ಮತ್ತೆ ಕೂತು ‘ಅಮ್ಮಾ’ ಅಂದ. ಬಸ್ಸಿನಲ್ಲಿದ್ದ ಪೇಟೆಯವರೊಬ್ಬರು, “ಪಾಪ, ಮಗಳು ಅಪ್ಪನ್ನ ಎಷ್ಟ್ ಚೆನ್ನಾಗಿ ನೋಡ್ಕೋತಾಳೆ” ಅಂದರು. ನೋವಿನಲ್ಲಿ ನಾನು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದೆ. ಆದರೂ ನನಗೆ ನಗು ಬಂತು, ನಕ್ಕರೆ ಇನ್ನೂ ನೋವು.

ಹಾಸನದ ಆಸ್ಪತ್ರೆಯ ಜಗಲಿಯಲ್ಲಿ ಒಂದೇ ಉದ್ದನೆಯ ಬೆಂಚು. ಅದರ ಮೇಲೆ ಕಾಲು ಮುರಿದವರು, ಚಳಿಜ್ವರದವರು, ಕಂಕುಳಲ್ಲಿ ಮಗು ಇಟ್ಟುಕೊಂಡವರು. ಪ್ರತಿಯೊಬ್ಬರೂ ಪಕ್ಕದವರಿಗೆ ತಮ್ಮ ಕಾಯಿಲೆಯ ಕಥೆ ಹೇಳುತ್ತಿದ್ದರು. “ನಿಮಗೇನವ್ವ?” ಎಂದು ನನ್ನ ಕೇಳಿದಾಗ ಅಪ್ಪ ನಡುವೆ ಬಾಯಿ ಹಾಕಿ, “ನಂಗೆ ಕಣವ್ವ, ನಂಗೆ” ಅನ್ನುತ್ತಿದ್ದ. ನಮ್ಮೂರ ಕಡೆಯ ಮುಖವೊಂದು ಜಗಲಿಯ ತುದಿಯಲ್ಲಿ ನಮ್ಮನ್ನೇ ನೋಡುತ್ತಿದ್ದದ್ದನ್ನು ನಾನು ಕಂಡೆ, ಅಪ್ಪ ಕಾಣಲಿಲ್ಲ. ಕಾಯುವುದರಲ್ಲಿ ಮಧ್ಯಾಹ್ನ ಕಳೆಯಿತು.

ಒಳಗೆ ಕರೆದಾಗ ಮಾತ್ರ ಅಪ್ಪನ ನಾಟಕ ನಡೆಯಲಿಲ್ಲ. ಪರದೆಯ ಆಚೆ ಅವನನ್ನು ನಿಲ್ಲಿಸಿದರು. ಡಾಕ್ಟರು ನನ್ನ ಹೊಟ್ಟೆ ನೋಡಿ, ಬರಿಯ ಕತ್ತನ್ನು ನೋಡಿ, ತಲೆ ತಗ್ಗಿಸಿ ಕಾಗದದ ಮೇಲೆ ಬರೆಯುತ್ತಲೇ, “ಎಷ್ಟು ತಿಂಗಳು?” ಎಂದು ಕೇಳಿದರು.

“ಒಂಬತ್ತು ದಿನ” ಅಂದೆ.

ಅವರು ತಲೆ ಎತ್ತಿದರು. ಪಕ್ಕದಲ್ಲಿದ್ದ ನರ್ಸಮ್ಮ ಚನ್ನರಾಯಪಟ್ಟಣದ ಕಡೆಯವರು, ಅಮ್ಮನ ವಯಸ್ಸು. ಅವರು ಮೆಲ್ಲಗೆ ಹೊಟ್ಟೆ ಒತ್ತಿ ನೋಡಿ, “ಸಾ, ಇದು ಆ ಕೇಸಲ್ಲ” ಅಂದರು. ಆಮೇಲೆ ಒಂದೊಂದಾಗಿ ಕೇಳಿದರು, ನಾನು ಒಂದೊಂದಾಗಿ ಹೇಳಿದೆ. ಬಯಲು, ಭಾಗಾಕಾರ, ಮಜ್ಜಿಗೆ, ಒಣ ಬೀಜ, ಮೂರು ಚಮಚ. ಹೇಳಿ ಮುಗಿಸುವ ಹೊತ್ತಿಗೆ ನೋವು ಅರ್ಧ ಇಳಿದಂತಿತ್ತು. ಡಾಕ್ಟರು ಬೈಯಲಿಲ್ಲ. “ಇಸಬ್ಗೋಲು ಒಳ್ಳೆಯ ವಸ್ತುವೇ ಅಮ್ಮ. ಆದರೆ ಅದಕ್ಕೆ ನೀರು ಬೇಕು. ನೀರಿಲ್ಲದೆ ನುಂಗಿದರೆ ಅದೇ ಅಡ್ಡ ಕೂರುತ್ತೆ. ಇನ್ನೂ ಎರಡು ದಿನ ತಡೆದಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತು” ಅಂದರು.

ಎನಿಮಾದ ವಿಚಾರ ವಿವರಿಸುವುದಿಲ್ಲ. ಸೋಪಿನ ನೀರು, ರಬ್ಬರಿನ ಕೊಳವೆ, ನರ್ಸಮ್ಮನ ಕೈ ನನ್ನ ಬೆನ್ನಿನ ಮೇಲೆ. ಒಂದೇ ಸಲಕ್ಕೆ ಆಗಲಿಲ್ಲ, ಎರಡು ದಿನ ಹಿಡಿಯಿತು. ಆದಾಗ ಅತ್ತೆ, ಸುಖಕ್ಕೆ.

ಅಲ್ಲಿ ಹೆಂಗಸರ ವಾರ್ಡಿನ ಹಿಂದೆ ಒಂದು ಕಕ್ಕಸಿತ್ತು, ಅದಕ್ಕೆ ಒಳಗಿನಿಂದ ಹಾಕಿಕೊಳ್ಳುವ ಅಗುಳಿ ಇತ್ತು. ಅಗುಳಿ ಹಾಕಿಕೊಂಡು ಸುಮ್ಮನೆ ಕೂತೆ. ಯಾರೂ ಲೆಕ್ಕದ ಬಗ್ಗೆ ಕೇಳಲಿಲ್ಲ. ಮೈಸೂರು ಅರಮನೆ ನೋಡಿದಾಗ ಕೂಡ ನನಗೆ ಅಷ್ಟು ಸಂತೋಷವಾಗಿರಲಿಲ್ಲ, ನಿಜವಾಗಿ. ಮುಂದೆ ಎರಡು ತಿಂಗಳಿಗೆ ಶಾಲೆಯ ಹಿಂದೆ ಬಿದಿರಿನ ತಡಿಕೆ ಕಟ್ಟಿಸಿ ಗುಂಡಿ ತೋಡಿಸಬೇಕೆಂದು ಮೇಲಿನವರಿಗೆ ಬರೆದೆ. ‘ಹುಡುಗಿಯರ ಅನುಕೂಲಕ್ಕಾಗಿ’ ಎಂದು ಬರೆದೆ, ಮತ್ತೆ ಅದೇ ಚಾಳಿ. ಆದರೆ ತಡಿಕೆ ಬಂದ ಮೇಲೆ ನೋಡಿದರೆ ನೀರಿನ ಮಡಕೆ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು. ಆ ಮಕ್ಕಳೂ ಅಷ್ಟು ದಿನ ನನ್ನ ಹಾಗೆಯೇ ಬಾಯಿ ಒಣಗಿಸಿಕೊಂಡು ಕೂತಿದ್ದವು. ನಾನು ಹೊಡೆದ ಆ ಪುಟ್ಟ ಹುಡುಗಿ ಕೂಡ.

ನಾಲ್ಕನೆಯ ದಿನ ಅರಕಲಗೂಡಿಗೆ ವಾಪಸು ಬಂದೆವು. ಬಸಪ್ಪನವರ ಮನೆಯ ಮುಂದೆ ನಮ್ಮ ಮನೆಯ ಗಾಡಿ ನಿಂತಿತ್ತು. ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದ, ಊರುಗೋಲನ್ನು ಎರಡು ಕೈಯಲ್ಲೂ ಹಿಡಿದು. ಆಸ್ಪತ್ರೆಯ ಜಗಲಿಯಲ್ಲಿ ಕಂಡ ಆ ಮುಖ ತನ್ನ ಕೆಲಸ ಮಾಡಿತ್ತು. ಬಸಪ್ಪನವರು ಪಕ್ಕದಲ್ಲಿದ್ದರು. ಗೌರಮ್ಮ ಬಾಗಿಲ ಮರೆಯಲ್ಲಿ.

“ಆಸ್ಪತ್ರೆಗೆ ಓಗಿದ್ದು ಯಾರು?” ಅಂದ ದೊಡ್ಡಪ್ಪ. ನನ್ನ ಕಡೆ ನೋಡಲಿಲ್ಲ.

“ನಾನೇ ಕಣಣ್ಣ” ಅಂದ ಅಪ್ಪ.

“ಹೆಂಗಸ್ರ ವಾರ್ಡ್ ತಾವ ನಿಂತಿದ್ರಂತೆ?”

“ಇವಳು ಅಲ್ಲಿ ಮಲಗ್ತಿದ್ಲು. ಗಂಡಸ್ರ ಕಡೆ ಎಲ್ ಮಲಗ್ಸಾನ?”

“ನಿನ್ ಹೊಟ್ಟೆಗೆ ಏನ್ಲಾ ಆಗೋದು? ನೀ ಹುಟ್ದಾಗಿಂದ ನೋಡಿವ್ನಿ. ಯಾರ್ ಕಿವಿಗೆ ಹೂ ಮುಡುಸ್ತೀಯಾ?” ದೊಡ್ಡಪ್ಪನ ದನಿ ಏರಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ನಿಂತರು.

ನಮ್ಮಪ್ಪ ಮಾತು ಕಮ್ಮಿಯ ಮನುಷ್ಯ. ಅಣ್ಣನ ಮುಂದಂತೂ ಕೂರುತ್ತಲೂ ಇರಲಿಲ್ಲ. ಅವತ್ತು ಜಗಲಿಯ ಮೇಲೆ ಕೂತ. ಮೊದಲು ಕೆಮ್ಮಿದ. ಆಮೇಲೆ ಶುರು ಮಾಡಿದ.

“ಒಂಬತ್ತು ದಿನದಿಂದ ಹೊಟ್ಟೆ ಓಗಿರ್ನಿಲ್ಲ ಕಣಣ್ಣ. ಬಯಲಿಗೆ ಓದ್ರೆ ಬರೀ ಚೊಂಬು ಕೆಳಗಿಡಾದು, ಎತ್ಕೊಂಡ್ ಬರಾದು. ಬಾಯೆಲ್ಲಾ ಕಹಿ. ಈ ಬಸಪ್ನೋರು ಬೀಜ ಕೊಟ್ರು, ನೀರು ಕುಡಿ ಅಂದ್ರು. ನಾ ಎಲ್ ಕುಡುದೆ? ಒಣದೇ ನುಂಗ್ಬುಟ್ಟೆ, ಮೂರ್ ಮೂರು ಚಮ್ಚ. ಒಳಗೆ ಮುದ್ದೆ ಕಟ್ಕೊಂಡ್ಬುಡ್ತು. ಉಬ್ಬಿದ್ದು ನೋಡಿದ್ರೆ ಹಬ್ಬಕ್ಕೆ ತಮಟೆ ಬಡೀಬೋದಿತ್ತು...”

ಪರದೆಯ ಆಚೆ ನಿಂತು ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಾನು ಡಾಕ್ಟರಿಗೆ ಹೇಳಿದ ಒಂದೊಂದು ಮಾತನ್ನೂ ತನ್ನದು ಮಾಡಿಕೊಂಡು ಹೇಳಿದ. ಸೋಪಿನ ನೀರನ್ನು ಹೇಳಿದ. ರಬ್ಬರು ಕೊಳವೆ ಎಷ್ಟುದ್ದ ಎಂದು ಕೈಯಳತೆ ತೋರಿಸಿದ. ನಾನು ಕೂಡ ಮರೆತಿದ್ದ ವಿವರಗಳು ಬಂದವು. ಬೀದಿಯಲ್ಲಿದ್ದವರು ಸೆರಗು ವಲ್ಲಿ ಬಾಯಿಗಿಟ್ಟುಕೊಂಡು ನಕ್ಕರು. ಬಸಪ್ಪನವರು ತೊಡೆ ತಟ್ಟಿ, “ನಾ ಏಳಿರ್ನಿಲ್ವಾ ಗೌಡ್ರೇ ನೀರು ಕುಡೀರಿ ಅಂತ!” ಅಂದರು. ದೊಡ್ಡಪ್ಪನ ಮುಖ ಸಿಟ್ಟಿನಿಂದ ನಾಚಿಕೆಗೆ ತಿರುಗಿತು. “ಸಾಕು ನಿಲ್ಸೋ ಮಾರಾಯ, ಬೀದಿ ಇದು” ಎಂದು ಎದ್ದು ಹೋಗಿ ಗಾಡಿ ಹತ್ತಿದ. ಹತ್ತಿದ ಮೇಲೆ, “ಊಟ ಗೀಟ ನೋಡ್ಕೊಂಡ್ ಮಾಡು” ಅಂದ ತಮ್ಮನಿಗೆ.

ಗೌರಮ್ಮ ಬಾಗಿಲಿಂದ ಹೊರಗೆ ಬಂದರು. ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿದರು, ಅದು ಈಗ ಚಪ್ಪಟೆಯಾಗಿತ್ತು. ಅವರಿಗೆ ಎಲ್ಲಾ ತಿಳಿಯಿತೆಂದು ನನಗೂ ತಿಳಿಯಿತು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಕೈಗೆ ಕೊಟ್ಟು, “ಕುಡಿ. ನಮ್ಮ ಕೊಟ್ಟಿಗೆ ಹಿಂದೆ ಜಾಗ ಐತೆ, ಯಾವ ಹೊತ್ತಿಗಾದ್ರೂ ಓಗು” ಅಂದರು.

ಅಂದಿನಿಂದ ಅರಕಲಗೂಡು ಸಂತೆಯಲ್ಲಿ ಅಪ್ಪನಿಗೆ ‘ಇಸಬ್ಗೋಲು ಗೌಡ’ ಎಂದೇ ಹೆಸರಾಯಿತು. ಸಾಯುವ ತನಕ ಅದು ಬಿಡಲಿಲ್ಲ. ಆದರೆ ನಾನು ಹೇಳಬೇಕೆಂದಿದ್ದದ್ದು ಅವತ್ತು ಸಂಜೆಯದು. ಅವನನ್ನು ಕಳಿಸಲು ಊರ ಬಾಗಿಲ ತನಕ ಹೋದೆ. ದಾರಿಯಲ್ಲಿ ಎದುರಾದ ಒಬ್ಬ ಆಗಲೇ ಸುದ್ದಿ ಕೇಳಿ, “ಏನ್ ಗೌಡ್ರೇ, ಸಲೀಸಾಯ್ತಾ?” ಎಂದು ನಗುತ್ತಾ ಹೋದ. ನನಗೆ ತಡೆಯಲಾಗಲಿಲ್ಲ.

“ಅಪ್ಪಾ, ನನ್ನಿಂದ ಊರೆಲ್ಲಾ ನಿನ್ನ ನೋಡಿ ನಗೋ ಹಾಗಾಯ್ತು. ಅಷ್ಟೆಲ್ಲಾ ಯಾಕೆ ಹೇಳೋಕೆ ಹೋದೆ?”

ಅಪ್ಪ ನಿಂತ. ನನ್ನ ತಲೆಯ ಮೇಲೆ ಕೈಯಿಟ್ಟ.

“ನಗ್ಲಿ ಬುಡವ್ವ,” ಅಂದ. “ನಿಂಗೆ ಬಂದಿದ್ರೆ ಅದು ಏನೇನೋ ಆಗ್ತಿತ್ತು. ನಂಗೆ ಬಂದ್ರೆ ಅದು ಬರೀ ಹೊಟ್ಟೆನೋವು.”